ಪ್ರಯೋಗಾಲಯಕ್ಕೊಂದು ಚಂದಾ

ಭಂಕೂರ, ಶಹಾಬಾದ, ವಾಡಿ ಕಡೆಯ ನಮ್ಮ ಮಕ್ಕಳು ಸುಣ್ಣದ ಕಲ್ಲಿನ ನೆಲದಲ್ಲೇ ಹುಟ್ಟಿ ಬೆಳೆದವರು. ಸಿಮೆಂಟ್ ಆಗುವ ಆ ಕಲ್ಲಿನ ಮೇಲೆ ಒಂದು ಹನಿ ಆಮ್ಲ ಬಿದ್ದರೆ ಏಕೆ ನೊರೆ ಏಳುತ್ತದೆ ಎಂಬುದನ್ನು ಅವರಲ್ಲಿ ಅನೇಕರು ಪುಸ್ತಕದಲ್ಲಿ ಓದಿದ್ದಾರೆಯೇ ಹೊರತು ಕಣ್ಣಾರೆ ಕಂಡಿಲ್ಲ. ಕಾಲೇಜಿಗೆ ಕಟ್ಟಡ ಬೇಗ ಬರುತ್ತದೆ, ಪ್ರಯೋಗಾಲಯಕ್ಕೆ ಹಣ ತಡವಾಗಿ ಬರುತ್ತದೆ. ಇತಿಹಾಸ ನೋಡಿದರೆ ಈ ಕಷ್ಟ ಹೊಸದಲ್ಲ.

ಸರ್ ಸೈಯದ್ ಅಹ್ಮದ್ ಖಾನರು 1864ರಲ್ಲಿಯೇ ಗಾಜಿಪುರದಲ್ಲಿ ಸೈಂಟಿಫಿಕ್ ಸೊಸೈಟಿ ಸ್ಥಾಪಿಸಿ, ಹೊಸ ಜ್ಞಾನದ ಗ್ರಂಥಗಳನ್ನು ಉರ್ದುವಿಗೆ ತರಿಸಿದರು. 1875ರಲ್ಲಿ ಅಲಿಗಢದಲ್ಲಿ ಶಾಲೆ ತೆರೆಯಿತು. 1877ರಲ್ಲಿ ಕಾಲೇಜಿಗೆ ಅಡಿಗಲ್ಲು ಬಿತ್ತು. ಚಂದಾ ಕೇಳಲು ಅವರು ನಾಚಲಿಲ್ಲ. ಊರೂರು ತಿರುಗಿದರು, ವೇದಿಕೆ ಹತ್ತಿದರು, ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರು. ಅಲ್ಲಿ ಹಿಂದೂ ದಾನಿಗಳ ಹೆಸರುಗಳೂ ಇವೆ. ಆದರೆ ವಿಜ್ಞಾನಕ್ಕೆಂದೇ ದೊಡ್ಡ ನಿಧಿ ಕೂಡಿಬಂದದ್ದು ಅವರು ತೀರಿಕೊಂಡ ಎಂಟು ವರ್ಷಗಳ ಮೇಲೆ, 1906ರಲ್ಲಿ. ಬ್ರಿಟಿಷ್ ಯುವರಾಜರ ಭೇಟಿಯ ನೆನಪಿಗೆ ವಿಜ್ಞಾನ ಶಾಲೆಯ ಯೋಜನೆಯಾದಾಗ, ಬಡತನದಿಂದ ಮೇಲೆ ಬಂದ ಮುಂಬಯಿ ವ್ಯಾಪಾರಿ ಆದಮ್‌ಜೀ ಪೀರ್‌ಭಾಯ್ ಒಂದು ಲಕ್ಷಕ್ಕೂ ಹೆಚ್ಚು ರೂಪಾಯಿ ನೀಡಿದರು.

ನಮ್ಮ ನಾಡಿನ ಬೆಂಗಳೂರಿನಲ್ಲಿ ಇನ್ನೊಂದು ಮಾದರಿ ಇದೆ. ಭಾರತೀಯ ವಿಜ್ಞಾನ ಸಂಸ್ಥೆಗಾಗಿ ಜಮ್‌ಷೆಡ್‌ಜಿ ಟಾಟಾ ಅವರು ಮುಂಬಯಿಯ ತಮ್ಮ ಆಸ್ತಿಗಳನ್ನೇ ತೆಗೆದಿಟ್ಟರು; ಅವುಗಳ ಆದಾಯ ವರ್ಷವರ್ಷವೂ ಸಂಸ್ಥೆಗೆ ಬರಬೇಕೆಂಬುದು ಏರ್ಪಾಡು. 1904ರಲ್ಲಿ ಅವರು ನಿಧನರಾದರೂ ಕೆಲಸ ನಿಲ್ಲಲಿಲ್ಲ. 1907ರಲ್ಲಿ ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಜೊತೆಗೆ ವರ್ಷಕ್ಕೆ 50,000 ರೂಪಾಯಿಯ ಅನುದಾನಕ್ಕೂ ಒಪ್ಪಿತು. ಆಗ ನಮ್ಮ ಭಾಗವನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮರೂ ಮುಂದೆ ನೆರವಾದರು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಗಿ, 1911ರಲ್ಲಿ ರಸಾಯನಶಾಸ್ತ್ರ ಮತ್ತು ವಿದ್ಯುತ್ ವಿಭಾಗಗಳಿಗೆ ಮೊದಲ ವಿದ್ಯಾರ್ಥಿಗಳು ಬಂದರು.

ಈ ಎರಡನೆಯ ಮಾದರಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಕಟ್ಟಡ ಒಮ್ಮೆ ಕಟ್ಟಿದರೆ ನಿಲ್ಲುತ್ತದೆ. ಪ್ರಯೋಗಾಲಯ ಹಾಗಲ್ಲ. ಬ್ಯೂರೆಟ್ ಒಡೆಯುತ್ತದೆ, ರಾಸಾಯನಿಕ ಮುಗಿಯುತ್ತದೆ, ಸೂಕ್ಷ್ಮದರ್ಶಕ ರಿಪೇರಿ ಬೇಡುತ್ತದೆ. ಒಂದು ಸಲದ ಚಂದಾದಿಂದ ತಂದ ಸಾಮಾನು ಕೆಲವೇ ವರ್ಷಗಳಲ್ಲಿ ಬೀರುವಿನಲ್ಲಿ ಧೂಳು ಹಿಡಿಯುತ್ತದೆ. ಮೂಲ ಉಳಿಸಿ ಫಲವನ್ನು ಹಂಚುವುದು ನಮಗೆ ಹೊಸ ವಿಚಾರವೇನಲ್ಲ. ವಕ್ಫ್‌ನ ರೀತಿಯೇ ಅದು.

ಆದ್ದರಿಂದ ಪ್ರಯೋಗಾಲಯಕ್ಕೆ ಹಣ ಕೂಡಿಸುವಾಗ ಎರಡು ಖಾತೆ ಇರಲಿ: ಒಂದು ಸಾಮಾನಿಗೆ, ಇನ್ನೊಂದು ವರ್ಷದ ಖರ್ಚಿಗೆ. ಹಳೆಯ ವಿದ್ಯಾರ್ಥಿಗಳು ಪ್ರತಿ ವರ್ಷ ಕೈಲಾದಷ್ಟು ಕೊಡಲಿ. ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರಯೋಗಾಲಯದ ಬಾಗಿಲಿಗೇ ತೂಗುಹಾಕಲಿ. ದೊಡ್ಡ ದಾನಿಗಾಗಿ ಕಾಯುತ್ತ ಕೂತರೆ ಎಷ್ಟೋ ತಂಡದ ಮಕ್ಕಳು ಪರೀಕ್ಷಾನಳಿಕೆ ಮುಟ್ಟದೆಯೇ ಪಾಸಾಗಿ ಹೋಗುತ್ತಾರೆ.

ಸದಕಾ-ಎ-ಜಾರಿಯಾ ಎಂದರೆ ನಿಲ್ಲದೆ ಹರಿಯುವ ದಾನ. ವಿದ್ಯೆಯ ದಾನ ಅಂಥದ್ದು. ಅದಕ್ಕೆ ಅಲ್ಲಾಹನು ನಮಗೆಲ್ಲ ಶಕ್ತಿ ನೀಡಲಿ.