ವಾಲ್ಟರ್ ಎಲಿಯಟ್ ಕಾಗದಪತ್ರಗಳು

ಮದ್ರಾಸ್ ಸಿವಿಲ್ ಸರ್ವಿಸ್‌ನ ಅಧಿಕಾರಿ ಸರ್ ವಾಲ್ಟರ್ ಎಲಿಯಟ್ (1803–1887) ಬಿಟ್ಟುಹೋದ ಹಸ್ತಪ್ರತಿ, ಟಿಪ್ಪಣಿ ಮತ್ತು ಪತ್ರಗಳ ಸಂಗ್ರಹ. ಕನ್ನಡಿಗರಿಗೆ ಇವುಗಳಲ್ಲಿ ಮುಖ್ಯವಾದುದು ‘ಕರ್ನಾಟಕದೇಶ ಇನ್‌ಸ್ಕ್ರಿಪ್ಷನ್ಸ್’ ಎಂಬ ಎರಡು ಸಂಪುಟಗಳ ಕೈಬರಹದ ಶಾಸನಸಂಗ್ರಹ. ಎಲಿಯಟ್ ಕೂಡಿಹಾಕಿದ ಶಾಸನಗಳ ಸಂಖ್ಯೆ 595. ಇಂದಿನ ಬಸವಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡು ಆಳಿದ ಚಾಲುಕ್ಯರ ವಂಶಾವಳಿಯನ್ನು ಶಾಸನಗಳ ಆಧಾರದಿಂದ ಕಟ್ಟಲು ಮೊದಲು ಒದಗಿಬಂದದ್ದು ಈ ಸಂಗ್ರಹ.

ಎಲಿಯಟ್ ಹುಟ್ಟಿದ್ದು ಎಡಿನ್‌ಬರೋದಲ್ಲಿ. 1823ರಲ್ಲಿ ದಕ್ಷಿಣ ಮರಾಠಾ ಸೀಮೆಗೆ, ಅಂದರೆ ಧಾರವಾಡ ಪ್ರಾಂತಕ್ಕೆ, ಸಹಾಯಕನಾಗಿ ಬಂದ. ಮರುವರ್ಷವೇ ಕಿತ್ತೂರಿನ ದಂಗೆ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹತನಾದಾಗ ಎಲಿಯಟ್ ಮತ್ತು ಇನ್ನೊಬ್ಬ ಸಹಾಯಕ ಸ್ಟೀವನ್‌ಸನ್ ಇಬ್ಬರೂ ರಾಣಿ ಚನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದರು. ಡಿಸೆಂಬರ್ ಆರಂಭದಲ್ಲಿ ಬಿಡುಗಡೆಯಾದರು. ಆ ಬಳಿಕವೂ ಅವನು 1833ರವರೆಗೆ ಇದೇ ಸೀಮೆಯಲ್ಲಿದ್ದ. ಶಾಸನಗಳ ಹುಡುಕಾಟ ನಡೆದದ್ದು ಈ ವರ್ಷಗಳಲ್ಲಿ.

ಕಲ್ಯಾಣ ಆಗ ನಿಜಾಮನ ರಾಜ್ಯದೊಳಗಿನ ಊರು. ಎಲಿಯಟ್‌ನ ಅಧಿಕಾರ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಆದರೂ ಧಾರವಾಡ ಸೀಮೆಯ ಕಲ್ಲುಗಳಿಂದ ಕಲ್ಯಾಣದ ಇತಿಹಾಸ ಹೊರಟಿತು. ಇದಕ್ಕೆ ಕಾರಣ ನಮ್ಮ ದಾನಶಾಸನಗಳ ರಚನಾಕ್ರಮದಲ್ಲಿದೆ. ಒಂದು ಸಣ್ಣ ಹಳ್ಳಿಯ ಗುಡಿಗೆ ಯಾರೋ ಗಾವುಂಡ ಕೆಲವು ಮತ್ತರು ಹೊಲ ಬಿಟ್ಟರೂ, ದಾನದ ವಿವರಕ್ಕೆ ಮುನ್ನ ಆಳುತ್ತಿರುವ ಚಕ್ರವರ್ತಿಯ ಬಿರುದುಗಳು, ಅವನ ನೆಲೆವೀಡು, ಅವನ ಕೈಕೆಳಗಿನ ಮಹಾಮಂಡಳೇಶ್ವರನ ಹೆಸರು ಬರಲೇಬೇಕು. ಆಮೇಲೆ ಕಾಲ: ಶಕವರ್ಷ ಅಥವಾ ಚಾಲುಕ್ಯ ವಿಕ್ರಮವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಹೀಗಾಗಿ ನೂರಾರು ಹಳ್ಳಿಗಳ ಕಲ್ಲುಗಳನ್ನು ಒಟ್ಟಿಗಿಟ್ಟು ಓದಿದರೆ ರಾಜರ ಅನುಕ್ರಮ ತಾನಾಗಿ ಹೊಂದಿಕೊಳ್ಳುತ್ತದೆ. ಒಂದು ಕಲ್ಲು ತಪ್ಪು ಹೇಳಿದರೆ ಹತ್ತು ಕಲ್ಲು ತಿದ್ದುತ್ತವೆ. ಬಿಡಿ ಶಾಸನವನ್ನು ಕುತೂಹಲದ ವಸ್ತುವಾಗಿ ನೋಡುತ್ತಿದ್ದ ಆ ಕಾಲದಲ್ಲಿ ಎಲಿಯಟ್ ರಾಶಿಯ ಬೆಲೆಯನ್ನು ಅರಿತಿದ್ದ. ಅವನ ನಿಜವಾದ ಸಾಧನೆ ಇದೇ.

ಫಲಿತಾಂಶ 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ‘ಹಿಂದೂ ಇನ್‌ಸ್ಕ್ರಿಪ್ಷನ್ಸ್’ ಎಂಬ ಲೇಖನವಾಗಿ ಬಂತು. ಚಾಲುಕ್ಯ, ಕಳಚುರಿ, ದೇವಗಿರಿಯ ಯಾದವ, ಹೊಯ್ಸಳ ವಂಶಗಳ ಚರಿತ್ರೆಗೆ ಅದು ಹಾಕಿದ ಅಡಿಪಾಯದ ಮೇಲೆ ಮುಂದಿನವರು ಕಟ್ಟಿದರು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣನ ‘ವಿಕ್ರಮಾಂಕದೇವಚರಿತ’ ಜೈಸಲ್ಮೇರಿನ ಭಂಡಾರದಲ್ಲಿ ಸಂಸ್ಕೃತ ವಿದ್ವಾಂಸ ಬ್ಯೂಲರ್‌ಗೆ ದೊರೆತದ್ದು 1874ರಲ್ಲಿ. ಅಂದರೆ ಕಲ್ಯಾಣದ ದೊರೆಗಳ ಕಾವ್ಯ ಕೈಗೆ ಸಿಗುವುದಕ್ಕೆ ಮೂರೂವರೆ ದಶಕ ಮೊದಲೇ ಅವರ ಪಟ್ಟಿ ಅಚ್ಚಾಗಿತ್ತು.

ಸಂಗ್ರಹಕ್ಕೆ ಮಿತಿಗಳೂ ಇವೆ. ಇವು ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚುಗಳಲ್ಲ, ಕಣ್ಣಿನಿಂದ ಓದಿ ಕೈಯಿಂದ ಬರೆದ ನಕಲುಗಳು. ಸವೆದ ಅಕ್ಷರವನ್ನು ಓದಿದವನು ಏನೆಂದು ಊಹಿಸಿದನೋ ಅದೇ ಕಾಗದಕ್ಕೆ ಇಳಿದಿದೆ. ಊಹೆ ಎಲ್ಲಿ, ಅಕ್ಷರ ಎಲ್ಲಿ ಎಂದು ಈಗ ಬೇರ್ಪಡಿಸುವುದು ಕಷ್ಟ. ಜೆ. ಎಫ್. ಫ್ಲೀಟ್ 1882ರಲ್ಲಿ ‘ಕನ್ನಡ ಜಿಲ್ಲೆಗಳ ರಾಜವಂಶಗಳು’ ಕುರಿತ ತನ್ನ ಗ್ರಂಥವನ್ನು ಬರೆಯುವಾಗ ಈ ಸಂಪುಟಗಳನ್ನು ಧಾರಾಳವಾಗಿ ಬಳಸಿಕೊಂಡ, ಜೊತೆಗೆ ಸಾಧ್ಯವಾದಲ್ಲೆಲ್ಲ ಮೂಲಶಿಲೆಯ ಅಚ್ಚನ್ನೂ ನೋಡಿದ. ಬಾದಾಮಿಯ ಚಾಲುಕ್ಯರನ್ನೂ ಕಲ್ಯಾಣದ ಚಾಲುಕ್ಯರನ್ನೂ ಬಿಡಿಸಿ ತೋರಿಸಿದ್ದು, ಮಾನ್ಯಖೇಟದಿಂದ ಕಲ್ಯಾಣಕ್ಕೆ ರಾಜಧಾನಿ ಬಂದದ್ದು 11ನೆಯ ಶತಮಾನದಲ್ಲಿ, ಒಂದನೆಯ ಸೋಮೇಶ್ವರನ ಕಾಲದಲ್ಲಿ ಎಂಬ ಚಿತ್ರ ಗಟ್ಟಿಯಾದದ್ದು ಇಂಥ ಮರುಪರಿಶೀಲನೆಯಿಂದ. ಆದರೆ ಎಲಿಯಟ್‌ನ ಕಾಲದಲ್ಲಿ ನಿಂತಿದ್ದು ಆಮೇಲೆ ಒಡೆದ, ಗೋಡೆಗೆ ಸೇರಿದ ಕಲ್ಲುಗಳ ಮಟ್ಟಿಗೆ ಈ ನಕಲೇ ಮೂಲ. ಹಳಗನ್ನಡ ಲಿಪಿಯನ್ನು ಓದಬಲ್ಲ ಸ್ಥಳೀಯ ಪಂಡಿತರ ನೆರವಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ. ಸಂಗ್ರಹಕ್ಕೆ ಎಲಿಯಟ್‌ನ ಒಂದೇ ಹೆಸರು ಉಳಿದುಕೊಂಡಿರುವುದು ನ್ಯಾಯವಲ್ಲ.

ಕಲ್ಯಾಣದ ಸುತ್ತಿನ ನೆಲ ಈ ಕಾಗದಗಳಲ್ಲಿ ತೆಳುವಾಗಿರುವುದರಿಂದ ಅಲ್ಲಿಯ ಶಿಲೆಗಳನ್ನೂ ಜೊತೆಗೆ ಓದಬೇಕಾಗುತ್ತದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ದೇವಾಲಯ ಇದಕ್ಕೆ ಒಳ್ಳೆಯ ಉದಾಹರಣೆ. ಹೊರಭಿತ್ತಿಯ ಮದನಿಕೆಯರ ಸಾಲಿನಲ್ಲಿ ಒಬ್ಬಳು ಮೈ ಬಳುಕಿಸಿ ನಿಂತು ಫಲಕದ ಮೇಲೆ ಬರೆಯುತ್ತಿದ್ದಾಳೆ. ಬರೆದಿರುವುದು ಆರನೆಯ ವಿಕ್ರಮಾದಿತ್ಯನ (1076–1126) ಹೊಗಳಿಕೆ. ಶಾಸನ ಸುಂದರಿ ಎಂದೇ ಅವಳು ಪ್ರಸಿದ್ಧಳು. ಧಾರವಾಡದ ಕಡೆ ಸಾಲುಗಟ್ಟಲೆ ಬಿರುದುಗಳಲ್ಲಿ ಹೇಳುವ ಮಾತನ್ನು ಇಲ್ಲಿ, ರಾಜಧಾನಿಯ ಮಗ್ಗುಲಲ್ಲಿ, ಶಿಲ್ಪಿ ಒಂದು ಹೆಣ್ಣಿನ ಕೈಯಿಂದ ಬರೆಸಿದ್ದಾನೆ.

ಉಳಿದ ಕಾಗದಗಳ ಹರವು ದೊಡ್ಡದು. ಆಂಧ್ರದ ಕರಾವಳಿ ಜಿಲ್ಲೆಗಳ ಕಮಿಷನರ್ ಆಗಿದ್ದಾಗಿನ ಅಮರಾವತಿ ಸ್ತೂಪದ ಉತ್ಖನನ, ತೆಲುಗು ನಾಡಿನ ಸಸ್ಯಗಳು, ನಾಣ್ಯಗಳು ಇವೆಲ್ಲ ಅದರಲ್ಲಿ ಸೇರುತ್ತವೆ. 1839ರಲ್ಲಿ ಅಚ್ಚಾದ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯಲ್ಲಿ ಪ್ರಾಣಿಗಳ ಕನ್ನಡ ಹೆಸರುಗಳನ್ನೂ ಅವನು ಕೊಟ್ಟಿದ್ದಾನೆ. ಹೊಲದ ಇಲಿ ಬಿಲದೊಳಗೆ ಕೂಡಿಟ್ಟ ಕಾಳನ್ನು ಒಡ್ಡರು ಅಗೆದು ತೆಗೆದು ಊಟಕ್ಕೆ ಬಳಸುತ್ತಿದ್ದುದನ್ನು ಅಲ್ಲಿ ವಿವರವಾಗಿ ದಾಖಲಿಸಿದ್ದಾನೆ. ಬಡವರ ಬದುಕಿನ ಇಂಥ ಸಂಗತಿ ಕಂದಾಯ ದಫ್ತರಗಳಲ್ಲಿ ಸಿಗುವುದು ಅಪರೂಪ. ಚಾರ್ಲ್ಸ್ ಡಾರ್ವಿನ್ ಜೊತೆಗೂ ಪತ್ರವ್ಯವಹಾರವಿತ್ತು. ಎಲಿಯಟ್ ಕಳಿಸಿದ ಪಾರಿವಾಳಗಳ ಚರ್ಮಗಳನ್ನು ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದ ಮೊದಲ ಅಧ್ಯಾಯದಲ್ಲೇ ಸ್ಮರಿಸಿದ್ದಾನೆ.

1860ರಲ್ಲಿ ನಿವೃತ್ತನಾದ ಎಲಿಯಟ್ ಸ್ಕಾಟ್ಲೆಂಡಿನ ವುಲ್ಫೆಲೀಯಲ್ಲಿ ನೆಲೆಸಿದ. ಕೊನೆಗಾಲದಲ್ಲಿ ದೃಷ್ಟಿ ಹೋಯಿತು. ದಕ್ಷಿಣ ಭಾರತದ ನಾಣ್ಯಗಳ ಗ್ರಂಥವನ್ನು ಆ ಸ್ಥಿತಿಯಲ್ಲೇ ಮುಗಿಸಿದ. ತೀರಿಕೊಂಡ ದಿನ, 1887ರ ಮಾರ್ಚ್ 1ರ ಬೆಳಿಗ್ಗೆ, ತಮಿಳು ವಿದ್ವಾಂಸ ಜಿ. ಯು. ಪೋಪ್‌ಗೆ ಕುರಳ್ ಆವೃತ್ತಿಯ ವಿಷಯವಾಗಿ ಒಂದು ಪತ್ರ ಹೇಳಿ ಬರೆಸಿ ತಾನೇ ಸಹಿ ಮಾಡಿದ್ದ.

ಶಾಸನಸಂಪುಟಗಳ ಒಂದು ಪ್ರತಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಗೂ ಇನ್ನೊಂದು ಎಡಿನ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಸೇರಿದವು. ಫ್ಲೀಟ್ ತನ್ನ ಅಡಿಟಿಪ್ಪಣಿಗಳಲ್ಲಿ ಎಲಿಯಟ್ ಹಸ್ತಪ್ರತಿಯ ಸಂಪುಟ ಮತ್ತು ಪುಟಸಂಖ್ಯೆ ಕೊಡುತ್ತಾ ಹೋಗಿರುವುದರಿಂದ, ಕಲ್ಯಾಣ ಚಾಲುಕ್ಯರ ಯಾವ ಸಂಗತಿಗೆ ಯಾವ ನಕಲು ಆಧಾರ ಎಂದು ಹುಡುಕುವವರಿಗೆ ಆ ಅಡಿಟಿಪ್ಪಣಿಗಳೇ ಸೂಚಿಯಾಗಿ ಒದಗುತ್ತವೆ.