ಎರಡು ಮನೆಗಳ ನಡುವಿನ ಸ್ವರ

ಹಾರ್ಮೋನಿಯಂ ಆಗಲಿ, ಪಿಯಾನೋ ಆಗಲಿ, ಒಂದು ಸ್ಥಾಯಿಗೆ ಇರುವುದು ಹನ್ನೆರಡೇ ಮನೆಗಳು. ಎರಡು ಮನೆಗಳ ನಡುವಿನ ಸ್ವರವನ್ನು ಗಾಯಕನ ಕಂಠ ಮುಟ್ಟಬಲ್ಲದು, ಪಿಟೀಲಿನ ಮೇಲಿನ ಬೆರಳು ಮುಟ್ಟಬಲ್ಲದು. ಮನೆಗಳ ವಾದ್ಯ ಮುಟ್ಟಲಾರದು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ದೂರವಿಟ್ಟು, ಮೂರು ದಶಕಗಳ ಕಾಲ ಒಳಗೆ ಬಿಡದಿದ್ದುದಕ್ಕೆ ಇದೂ ಒಂದು ಪ್ರಮುಖ ಕಾರಣ. ಇಂಥದೇ ತಕರಾರು ಅರಬ್ ನಾಡುಗಳಲ್ಲೂ ಹುಟ್ಟಿತು. ಅಲ್ಲಿ ಅದು ಬೇರೆಯೇ ದಾರಿ ಹಿಡಿಯಿತು.

ಅರಬ್ ಸಂಗೀತದಲ್ಲಿ ನಮ್ಮ ರಾಗಕ್ಕೆ ಹತ್ತಿರವಾದುದು ಮಖಾಮ್. ರಾಸ್ತ್ ಎಂಬ ಪ್ರಸಿದ್ಧ ಮಖಾಮ್‌ನ ಗಾಂಧಾರವು ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ. ಹೆಚ್ಚುಕಡಿಮೆ ಇವೆರಡರ ನಡುವೆ ನಿಲ್ಲುತ್ತದೆ. 1932ರಲ್ಲಿ ಈಜಿಪ್ಟಿನ ದೊರೆ ಫುಆದ್ ಆಶ್ರಯದಲ್ಲಿ ಕೈರೋದಲ್ಲಿ ಅರಬ್ ಸಂಗೀತ ಸಮ್ಮೇಳನ ನಡೆಯಿತು. ಬಾರ್ತೋಕ್, ಹಿಂಡೆಮಿತ್‌ರಂಥ ಯೂರೋಪಿನ ಸಂಗೀತಕಾರರೂ ಬಂದಿದ್ದರು. ಸ್ಥಾಯಿಯನ್ನು 24 ಸಮಭಾಗ ಮಾಡಬಹುದೇ? ಅರಬ್ ಮೇಳಕ್ಕೆ ಪಿಯಾನೋ ಸಲ್ಲುತ್ತದೆಯೇ? ಚರ್ಚೆ ಬಿಸಿಯೇರಿತೇ ಹೊರತು ಒಮ್ಮತ ಮೂಡಲಿಲ್ಲ.

ಪಂಡಿತರು ಬಿಡಿಸದ ಒಗಟಿಗೆ ಉತ್ತರ ಸಿಕ್ಕಿದ್ದು ಮದುವೆ ಮನೆಗಳಲ್ಲಿ. 1983ರಲ್ಲಿ ವಿದ್ಯುನ್ಮಾನ ವಾದ್ಯಗಳು ಪರಸ್ಪರ ಮಾತನಾಡಲು 'ಮಿಡಿ' ಎಂಬ ಸಮಾನ ಭಾಷೆ ಬಂತು. 1991ರ 'ಜನರಲ್ ಮಿಡಿ' ಪಟ್ಟಿ 128 ನಾದಗಳಿಗೆ ಕ್ರಮಸಂಖ್ಯೆ ಕೊಟ್ಟಿತು. ಸಿತಾರ್‌ಗೆ 105, ಶಹನಾಯಿಗೆ 112. ಅರಬ್ಬರ ಊದ್, ಮಿಜ್ವಿಜ್‌ಗಳಿಗೆ ಅಲ್ಲಿ ಜಾಗವೇ ಇರಲಿಲ್ಲ.

ಎಡಗೈ ಸ್ವರಗುಚ್ಛ ಹಿಡಿದರೆ ತಾಳವಾದ್ಯ ಮತ್ತು ಹಿಮ್ಮೇಳವನ್ನು ತಾನೇ ನುಡಿಸುವ ಕೀಬೋರ್ಡಿಗೆ 'ಅರೇಂಜರ್' ಎಂದು ಹೆಸರು. ತಯಾರಕರು ತುಂಬಿ ಕಳಿಸುತ್ತಿದ್ದುದು ವಾಲ್ಟ್ಸ್, ಡಿಸ್ಕೋ ಮುಂತಾದ 'ಸ್ಟೈಲ್'ಗಳನ್ನು. ಅದರಲ್ಲಿ ದಬ್ಕೆ ಕುಣಿತ ಹೇಗೆ ನಡೆದೀತು? ನುಡಿಸುವವರು ತಾವೇ ಕೈಹಾಕಿದರು. ಜೋಡಿ ಕೊಳವೆಯ ಮಿಜ್ವಿಜ್ ನಾದವನ್ನು ಮುದ್ರಿಸಿ ಮನೆಗಳಿಗೆ ಹಂಚಿದರು. ಊರಿನ ಡೋಲಿನ ಗತ್ತಿಗೆ ಆರಂಭ, ನಡೆ, ತಿರುವು, ಮುಕ್ತಾಯಗಳನ್ನು ಹೆಣೆದು ಫ್ಲಾಪಿಯಲ್ಲಿ, ಮುಂದೆ ಮೆಮೊರಿ ಕಾರ್ಡಿನಲ್ಲಿ ಕಾದಿಟ್ಟರು. ಎರಡು ಮನೆಗಳ ನಡುವಿನ ಅಂತರಕ್ಕೆ 100 ಸೆಂಟ್ ಎಂಬ ಲೆಕ್ಕವುಂಟು. ಬೇಕಾದ ಮನೆಯನ್ನು 50 ಸೆಂಟ್ ಇಳಿಸಿದರೆ ರಾಸ್ತ್‌ನ ಗಾಂಧಾರ ಸಿದ್ಧ. ಕೊನೆಗೆ ಕಂಪನಿಗಳೇ ಅದಕ್ಕೆಂದು ಗುಂಡಿಗಳಿರುವ ಅರಬ್ ಮಾದರಿಗಳನ್ನು ಹೊರತಂದವು.

ಈಶಾನ್ಯ ಸಿರಿಯಾದ ಮದುವೆಗಳಲ್ಲಿ ಹಾಡುತ್ತಿದ್ದ ಒಮರ್ ಸುಲೇಮಾನ್ ಮುಂದೆ ಯೂರೋಪಿನ ವೇದಿಕೆಗಳಿಗೂ ಏರಿದರು. ಅವರ ಬೆನ್ನಿಗಿದ್ದುದು ರಿಜಾನ್ ಸಯೀದ್ ನುಡಿಸುತ್ತಿದ್ದ ಕೀಬೋರ್ಡ್.

ಲಾಭದ ಪಕ್ಕದಲ್ಲೇ ನಷ್ಟವೂ ಇದೆ. ಒಬ್ಬನ ಕೈಯಲ್ಲಿ ಇಡೀ ಮೇಳ ಅಡಗಿದಾಗ ಊದುವವನ, ಬಡಿಯುವವನ ಕೂಲಿಗೆ ಕತ್ತರಿ ಬೀಳುತ್ತದೆ. ಇನ್ನೊಂದು ನಷ್ಟ ಸೂಕ್ಷ್ಮವಾದುದು. ರಾಸ್ತ್‌ನ ಗಾಂಧಾರ ಎಲ್ಲೆಡೆ ಒಂದೇ ಅಲ್ಲ. ಇಸ್ತಾಂಬುಲಿನದು ಕೈರೋದ್ದಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಗುಂಡಿಗೆ ಗೊತ್ತಿರುವುದು 50 ಮಾತ್ರ. ಬಲ್ಲ ವಾದಕ ಆ ಅಂಕೆಯನ್ನು ತನ್ನ ಊರಿನ ಕಿವಿಗೆ ತಕ್ಕಂತೆ ಒಂದಿಷ್ಟು ತಿದ್ದಿಕೊಳ್ಳುತ್ತಾನೆ. ಆ ಕಿವಿ ಉಳಿದಿರುವವರೆಗೆ ಯಂತ್ರ ಅವನ ಆಳಾಗಿರುತ್ತದೆ. ಅದು ಮರೆತ ದಿನ ಯಂತ್ರದ ಶ್ರುತಿಯೇ ಊರಿನ ಶ್ರುತಿಯಾಗುತ್ತದೆ.