ಹಳೆಯ ನೆಗೆಟಿವ್‌ಗಳೂ ಚರಿತ್ರೆಯ ಸತ್ಯವೂ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚಿತ್ರಗಳನ್ನು ಅರಸುತ್ತಿದ್ದಾಗ ಗುರುನಿವಾಸದ ಬೀರುವಿನಲ್ಲಿ ಕಪ್ಪು-ಬಿಳುಪು ನೆಗೆಟಿವ್‌ಗಳ ತಗಡಿನ ಪೆಟ್ಟಿಗೆಯೊಂದು ನಮಗೆ ದೊರೆಯಿತು. 1939ರ ಅರಣ್ಯ ಸತ್ಯಾಗ್ರಹದಿಂದ ನಾಡಿಗೆ ಹೆಸರಾದ ತುರುವನೂರಿನಲ್ಲಿ ನಮ್ಮ ಹಿರಿಯರು ಬಾಳಿದ ವಿಶ್ವಾಸದ ಬಾಳಿಗೆ ಅವು ಮೂಕ ಸಾಕ್ಷಿಗಳು. ಅವುಗಳನ್ನು ಸ್ಕ್ಯಾನ್ ಮಾಡಿಸಿ, ಗಣಕಯಂತ್ರದಲ್ಲಿ ತಿದ್ದಿಸುವ ಕಾರ್ಯಕ್ಕೆ ನಾವು ಕೈಹಾಕಿದೆವು.

ಬೆಳಕು ತಗುಲಿದಲ್ಲಿ ಬೆಳ್ಳಿಯ ಕಣಗಳು ಕಪ್ಪಾಗುವುದರಿಂದ ನೆಗೆಟಿವ್‌ನಲ್ಲಿ ಗುರುಗಳ ಬಿಳಿಯ ನಿಲುವಂಗಿ ಕಪ್ಪಾಗಿ ತೋರುತ್ತದೆ. ಅದರ ಮೇಲಿನ ಧೂಳು ಚಿತ್ರದಲ್ಲಿ ಬಿಳಿಯ ಚುಕ್ಕೆಯಾಗುತ್ತದೆ. ಲೇಪವನ್ನೇ ಕಿತ್ತ ಗೀರು ಕರಿಯ ಗೆರೆಯಾಗುತ್ತದೆ. ಹಿಂದೆ ಸ್ಟುಡಿಯೋದವರು ಚೂಪಾದ ಪೆನ್ಸಿಲಿನಿಂದಲೂ ಕುಂಚದಿಂದಲೂ ಇವನ್ನು ಮುಚ್ಚುತ್ತಿದ್ದರು. ಬಣ್ಣದ ಫಿಲ್ಮಿನ ಧೂಳನ್ನು ಇಂದಿನ ಕೆಲವು ಸ್ಕ್ಯಾನರ್‌ಗಳು ಅವಕೆಂಪು ಕಿರಣದಿಂದ ತಾವೇ ಗುರುತಿಸಿ ಅಳಿಸುತ್ತವೆ. ಆದರೆ ಬೆಳ್ಳಿಯು ಆ ಕಿರಣವನ್ನು ತಡೆಯುವುದರಿಂದ ಯಂತ್ರವು ಚಿತ್ರವನ್ನೇ ಕೊಳೆಯೆಂದು ಬಗೆಯುತ್ತದೆ. ಆದುದರಿಂದ ನಮ್ಮ ಯುವಕರು ಒಂದೊಂದು ಚುಕ್ಕೆಯನ್ನೂ ಕೈಯಾರೆ ತೆಗೆಯಬೇಕಾಯಿತು.

ಪ್ರಥಮ ಪರಮಪ್ರಸಾದದ ಚಿತ್ರವೊಂದರಲ್ಲಿ ಬೂಷ್ಟು ಒಬ್ಬ ಬಾಲಕಿಯ ಮುಖವನ್ನು ತಿಂದುಹಾಕಿತ್ತು. ಆಕೆ ಇಂದು ನಮ್ಮೊಡನಿಲ್ಲ. ಬೇರೊಂದು ಭಾವಚಿತ್ರದಿಂದ ಮುಖವನ್ನು ತಂದು ಜೋಡಿಸಬೇಕೆಂದು ಮನೆಯವರು ಕೋರಿದರು. ಗಣಕಯಂತ್ರಕ್ಕೆ ಅದು ಕ್ಷಣದ ಕೆಲಸ. ಅವರ ದುಃಖವನ್ನು ಅರಿತೂ ನಾವು ಒಪ್ಪಲಿಲ್ಲ.

ಕಾರಣವನ್ನು ಹೇಳುವುದು ನಮ್ಮ ಕರ್ತವ್ಯ. 1898ರ ಮೇ 28ರಂದು ತೂರಿನ್ ನಗರದಲ್ಲಿ ಸೆಕೊಂದೊ ಪಿಯಾ ಎಂಬ ವಕೀಲರು ಪವಿತ್ರ ಶವವಸ್ತ್ರದ ಛಾಯಾಚಿತ್ರ ತೆಗೆದರು. ಬಟ್ಟೆಯಲ್ಲಿ ಮಸುಕಾಗಿದ್ದ ಮುಖವು ಗಾಜಿನ ನೆಗೆಟಿವ್‌ನಲ್ಲಿ ಸ್ಪಷ್ಟವಾಗಿ ಮೂಡಿತು. ಅವರು ಫಲಕವನ್ನು ತಿದ್ದಿರಬೇಕೆಂದು ಕೆಲವರು ಶಂಕಿಸಿದರು. 1931ರಲ್ಲಿ ಜುಸೆಪ್ಪೆ ಎನ್ರಿಯೆ ಮತ್ತೆ ಚಿತ್ರ ತೆಗೆದಾಗಲೇ ಆ ಶಂಕೆ ನೀಗಿತು. ಆ ವಸ್ತ್ರವನ್ನು ಮರಳಿ ಚಿತ್ರಿಸಬಹುದಾಗಿತ್ತು; ನಮ್ಮ ಆ ದಿನದ ಬಲಿಪೂಜೆ ಮರಳಿ ಬಾರದು. ಒಂದು ಮುಖವನ್ನು ನಾವು ಜೋಡಿಸಿದರೆ ಉಳಿದ ಮುಖಗಳನ್ನೂ ಮುಂದಿನವರು ನಂಬಲಾರರು.

ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ನಾವು ಬರೆದುದನ್ನು ಕೆರೆದು ಅಳಿಸುವುದಿಲ್ಲ. ಅಂಚಿನಲ್ಲಿ ಟಿಪ್ಪಣಿ ಬರೆಯುತ್ತೇವೆ. ಚಿತ್ರಗಳಿಗೂ ಇದೇ ನಿಯಮವನ್ನು ಪಾಲಿಸಿದ್ದೇವೆ. ಗೀರು, ಧೂಳುಗಳನ್ನಷ್ಟೇ ತೆಗೆಸಿದ್ದೇವೆ; ತಿದ್ದದ ಮೂಲ ಪ್ರತಿಗಳನ್ನು ಪ್ರತ್ಯೇಕವಾಗಿ ಇರಿಸಿದ್ದೇವೆ. ಆ ಬಾಲಕಿಯ ಮುಖದೆಡೆ ಕಲೆ ಹಾಗೆಯೇ ಇದೆ. ಕೆಳಗೆ ಆಕೆಯ ಹೆಸರನ್ನು ಅಚ್ಚು ಮಾಡಿಸಿದ್ದೇವೆ.

ಪ್ರಿಯ ಭಕ್ತಾದಿಗಳೇ, ನಿಮ್ಮ ಮನೆಗಳಲ್ಲಿ ನೆಗೆಟಿವ್‌ಗಳಿದ್ದರೆ ಎಸೆಯದಿರಿ. ಹಿರಿಯರು ಇರುವಾಗಲೇ ಚಿತ್ರದಲ್ಲಿರುವವರ ಹೆಸರುಗಳನ್ನು ಕೇಳಿ ಬರೆದಿಡಿ. ಮುಖ ಮಾಸಿದರೂ ಹೆಸರು ಉಳಿಯಲಿ. ಆ ಹೆಸರಿನಿಂದಲೇ ಅವರಿಗಾಗಿ ಪ್ರಾರ್ಥಿಸೋಣ.